ಹುಡುಗರನ್ನು ಊರು ಬಿಡಿಸುವ ಹಟ

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ಹಳ್ಳಿಗಳಲ್ಲಿ ಈಗ ಒಂದು ಮಾತು ಪ್ರಶ್ನೆಯೇ ಇಲ್ಲದೆ ನಡೆಯುತ್ತಿದೆ. ಏಳನೆಯ ಇಯತ್ತೆ, ಹೆಚ್ಚೆಂದರೆ ಹತ್ತನೆಯ ಇಯತ್ತೆ ಮುಗಿದ ಮೇಲೂ ಹುಡುಗ ಊರಲ್ಲೇ ಉಳಿದನೆಂದರೆ ಅವನು ಕೆಟ್ಟ ಎಂಬ ಮಾತು ಅದು. ಮೇ ತಿಂಗಳು ಬಂತೆಂದರೆ ಒಂದಿಷ್ಟು ಹೊಲವಿದ್ದವರೆಲ್ಲ ಟ್ರಂಕು, ಗಾದಿ, ಬಕೀಟು ಕೊಂಡು ಹುಡುಗರನ್ನು ಧಾರವಾಡಕ್ಕೋ ಹುಬ್ಬಳ್ಳಿಗೋ ಮಂಗಳೂರ ಕಡೆಗೋ ಬಿಟ್ಟು ಬರುತ್ತಾರೆ. ಸಾಲ ತಂದು ಕಳಿಸುವವರಿದ್ದಾರೆ, ಹೊಲವನ್ನು ಲಾವಣಿಗೆ ಹಾಕಿ ಕಳಿಸುವವರಿದ್ದಾರೆ. ಕಳಿಸದೆ ಉಳಿದವರಿಗೆ ಕಟ್ಟೆಯ ಮೇಲೆ ಕಾದಿರುವ ಪ್ರಶ್ನೆ ಒಂದೇ: "ಯಾಕ್ರೀ, ಹುಡುಗನ್ನ ದನಾ ಕಾಯಾಕ ಹಚ್ಚಾವರೇನು?"

ಈ ಮಾತು ತಪ್ಪು. ಬರೀ ತಪ್ಪಲ್ಲ, ನಮ್ಮ ಸೀಮೆಗೆ ದೊಡ್ಡ ಹಾನಿ ಮಾಡುತ್ತಿರುವ ತಪ್ಪು. ನಾವು ಶಿರಹಟ್ಟಿ ತಾಲ್ಲೂಕಿನ ಹಳ್ಳಿಯವರು. ಎಂಟನೆಯ ಇಯತ್ತೆ ಮುಗಿದ ಮೇಲೆ ಮಗಳನ್ನು ಮನೆಯಲ್ಲೇ ಓದಿಸುತ್ತಿದ್ದೇವೆ. ಅವಳೇ ಕೇಳಿದಳು, ನಾವು ಯೋಚಿಸಿ ಒಪ್ಪಿದೆವು. ಆಗಿನಿಂದ ನನ್ನನ್ನು ಕಂಡವರೆಲ್ಲ ಕೇಳುವುದು ಇದನ್ನೇ: "ಅಕ್ಕಾರ, ಮಗಳನ್ನ ಸಾಲಿ ಬಿಡಿಸೀರಂತ, ಖರೇ ಏನ್ರೀ?" ಶಾಲೆ ಬಿಡಿಸುವುದೆಂದರೆ ಓದು ಬಿಡಿಸುವುದು ಎಂದು ಅವರ ಮನಸ್ಸಿನಲ್ಲಿ ಬೇರೂರಿದೆ. ಕಲಿಕೆ ಕಟ್ಟಡದೊಳಗೆ ಮಾತ್ರ ನಡೆಯುತ್ತದೆ, ಆ ಕಟ್ಟಡ ದೂರವಿದ್ದಷ್ಟೂ ಕಲಿಕೆ ದೊಡ್ಡದು, ಮನೆ ಮತ್ತು ಹೊಲ ಎರಡೂ ಓದಿನ ಶತ್ರುಗಳು ಎಂಬ ನಂಬಿಕೆಯ ಮೇಲೆ ಈ ಮಾತೆಲ್ಲ ನಿಂತಿದೆ.

ಹಾಗಾದರೆ ಹೊಲದ ಲೆಕ್ಕದಿಂದಲೇ ಶುರು ಮಾಡೋಣ. 2022ರ ನವೆಂಬರಿನಲ್ಲಿ ನಮ್ಮ ಗದಗ ಜಿಲ್ಲೆಯ ರೈತರೊಬ್ಬರ ಪಟ್ಟಿಯೊಂದು ನಾಡಿನ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಅವರು ಬೆಂಗಳೂರಿನ ಯಶವಂತಪುರ ಮಾರುಕಟ್ಟೆಗೆ ಒಯ್ದದ್ದು 205 ಕೆ.ಜಿ. ಉಳ್ಳಾಗಡ್ಡಿ. ಕ್ವಿಂಟಲಿಗೆ 200 ರೂಪಾಯಿಯಂತೆ ಬಂದದ್ದು 410 ರೂಪಾಯಿ. ಹಮಾಲಿ 24 ರೂಪಾಯಿ, ಲಾರಿ ಬಾಡಿಗೆ 377 ರೂಪಾಯಿ 64 ಪೈಸೆ ಮುರಿದುಕೊಂಡ ಮೇಲೆ ಅವರ ಕೈಗೆ ಸಿಕ್ಕಿದ್ದು 8 ರೂಪಾಯಿ 36 ಪೈಸೆ. ಈ ಒಂದು ಚೀಟಿಯನ್ನು ಮುಂದಿಟ್ಟುಕೊಂಡು ಹದಿನೈದರ ಹುಡುಗಿ ಎಷ್ಟು ಕಲಿಯಬಹುದು ಎಂಬುದನ್ನು ನಾನು ನನ್ನ ಮನೆಯ ಪಡಸಾಲೆಯಲ್ಲಿ ಕಂಡಿದ್ದೇನೆ. ಮೊದಲು ಶೇಕಡಾವಾರು: ಮಾರಿದ ಹಣದಲ್ಲಿ ಬಾಡಿಗೆಯ ಪಾಲು ಎಷ್ಟು? ನೂರಕ್ಕೆ ತೊಂಬತ್ತೆರಡು. ಆಮೇಲೆ ಅವಳದೇ ಪ್ರಶ್ನೆಗಳು. ಗದಗಿನಲ್ಲೇ ಎಪಿಎಂಸಿ ಇರುವಾಗ ನಾನೂರು ಕಿಲೋಮೀಟರಿನಷ್ಟು ದೂರ ಯಾಕೆ ಒಯ್ದರು? ಇಲ್ಲಿ ಕೊಳ್ಳುವವರು ಎಷ್ಟು ಮಂದಿ? ಆ ವರ್ಷ ಅತಿಮಳೆಗೆ ಗಡ್ಡೆ ಸಣ್ಣದಾದರೆ ದರ ಎಷ್ಟು ಬೀಳುತ್ತದೆ? ಬಿತ್ತಿದ ಬೀಜ, ಹಾಕಿದ ಗೊಬ್ಬರ, ಕಳೆ ತೆಗೆದವರ ಕೂಲಿ ಈ ಪಟ್ಟಿಯಲ್ಲಿ ಯಾಕೆ ಇಲ್ಲ? ಮನೆಯ ಹಳೆಯ ಪಟ್ಟಿಗಳನ್ನೆಲ್ಲ ಅವಳು ಗಂಟು ಬಿಚ್ಚಿ ತೆಗೆದಳು, ವರ್ಷವಾರು ಬರೆದಳು, ಗೆರೆಚಿತ್ರ ಹಾಕಿದಳು. ನಮ್ಮ ಮನೆಯವರಿಗೆ ತಾವು ಯಾವ ವರ್ಷ ಎಷ್ಟು ಕಳೆದುಕೊಂಡರೆಂಬುದು ಸ್ಪಷ್ಟವಾಗಿ ಗೊತ್ತಾದದ್ದು ಆಗಲೇ.

ಪಠ್ಯಪುಸ್ತಕದಲ್ಲೂ ಲಾಭ-ನಷ್ಟದ ಪಾಠ ಇದೆ. ಅಂಗಡಿಯವ ಕುರ್ಚಿ ಕೊಂಡ, ಮಾರಿದ, ಲಾಭ ಎಷ್ಟು? ಲೆಕ್ಕ ಸರಿಯಾಗಿಯೇ ಇರುತ್ತದೆ. ಆದರೆ ಆ ಅಂಗಡಿಯವ ಯಾರೂ ಅಲ್ಲ. ನಷ್ಟವಾದರೆ ಅವನ ಮನೆಯಲ್ಲಿ ಮುಂದಿನ ಹಂಗಾಮಿಗೆ ಏನು ಬಿತ್ತುವುದೆಂಬ ಚರ್ಚೆ ನಡೆಯುವುದಿಲ್ಲ. ಇತ್ತ ರೈತನ ಮಗ ಬೆಳಗಿನ ಐದಕ್ಕೆ ಎದ್ದು ವಸತಿ ಕಾಲೇಜಿನ ಕೋಣೆಯಲ್ಲಿ ಆ ಕುರ್ಚಿಯ ಲೆಕ್ಕ ಬಿಡಿಸುತ್ತಾನೆ. ಅದೇ ಹೊತ್ತಿಗೆ ಅವನ ಅಪ್ಪ ಉಳ್ಳಾಗಡ್ಡಿಯ ಚೀಲದ ಮೇಲೆ ಕುಳಿತು ದಲ್ಲಾಳಿ ಹೇಳಿದ ದರಕ್ಕೆ ತಲೆ ಆಡಿಸುತ್ತಾನೆ. ಲೆಕ್ಕ ಬಲ್ಲ ಮಗನನ್ನೂ ಲೆಕ್ಕ ಬೇಕಾದ ಅಪ್ಪನನ್ನೂ ನಾವೇ ಬೇರ್ಪಡಿಸಿದ್ದೇವೆ, ಅದಕ್ಕೆ ಲಕ್ಷಗಟ್ಟಲೆ ಫೀ ಕಟ್ಟಿದ್ದೇವೆ.

"ಹೊಲ್ದಾಗ ಏನ್ ಐತ್ರೀ ಕಲಿಯಾಕ" ಎನ್ನುವವರಿಗೆ ಸರಕಾರದ್ದೇ ಒಂದು ಸಾಕ್ಷಿ ಕೊಡುತ್ತೇನೆ. ಗದಗಿನ ಹತ್ತಿರ ನಾಗಾವಿಯಲ್ಲಿ, ಕಪ್ಪತಗುಡ್ಡದ ಮಗ್ಗುಲಿಗೆ, ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಇದೆ. ಅದಕ್ಕೆಂದೇ 2016ರಲ್ಲಿ ಕಾಯ್ದೆಯಾಯಿತು. ನೀರು, ಮಣ್ಣು, ಸಹಕಾರ, ಪಂಚಾಯಿತಿ ಅಲ್ಲಿನ ವಿಷಯಗಳು. ಹಳ್ಳಿಯ ಬದುಕು ಒಂದು ವಿಶ್ವವಿದ್ಯಾಲಯ ಕಟ್ಟುವಷ್ಟು ಆಳವಾದ ವಿದ್ಯೆ ಎಂದು ನಾಡು ಒಪ್ಪಿ ನಮ್ಮ ಜಿಲ್ಲೆಯಲ್ಲೇ ಅದನ್ನು ಕಟ್ಟಿದೆ. ನಾವು ಮಾತ್ರ ನಮ್ಮ ಹುಡುಗರನ್ನು ಹನ್ನೆರಡಕ್ಕೇ ಆ ವಿದ್ಯೆಯಿಂದ ದೂರ ಒಯ್ಯುತ್ತೇವೆ. ಇಪ್ಪತ್ತೆರಡಕ್ಕೆ ಸ್ನಾತಕೋತ್ತರ ಪದವಿಗೆ ಅಲ್ಲಿ ಸೇರಿದ ಹುಡುಗನಿಗೆ ಎರಿ ಭೂಮಿಗೂ ಮಸಾರಿ ಭೂಮಿಗೂ ಇರುವ ಭೇದವನ್ನು ಹಲಗೆಯ ಮೇಲೆ ಬರೆದು ತೋರಿಸಬೇಕಾಗುತ್ತದೆ.

ಸಹಕಾರದ ಮಾತು ಬಂತು. ಗದಗಿಗೆ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಮೊದಮೊದಲ ಸಂಘ ಎಂದು ಸಹಕಾರದ ಚರಿತ್ರೆ ಅದನ್ನು ಹೆಸರಿಸುತ್ತದೆ. ಊರಿನ ಸಾಲದ ಕಷ್ಟ ಊರಲ್ಲೇ ಇದ್ದು ಕಂಡವರಿಗೆ ಹೊಳೆದ ಉಪಾಯ ಅದು. ಊರು ಬಿಟ್ಟುಹೋದವರಿಗೆ ಹೊಳೆಯಲು ಸಾಧ್ಯವಿರಲಿಲ್ಲ.

ಚರಿತ್ರೆಯನ್ನೇ ನೋಡಿ. ನಮ್ಮ ಮನೆಯಿಂದ ಒಂದು ದಿನದ ಬಸ್ ಪ್ರಯಾಣದೊಳಗೆ ನಾಲ್ಕು ದೊರೆತನಗಳ ಗಡಿಗಳು ಇದ್ದವು. ಗದಗ ಬ್ರಿಟಿಷರ ಮುಂಬಯಿ ಪ್ರಾಂತ್ಯದ್ದು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜದ್ದು, ಮುಂಡರಗಿ ದಾಟಿದರೆ ಕೊಪ್ಪಳ ನಿಜಾಮರದ್ದು. ಮುಂಡರಗಿ ಭೀಮರಾಯರು 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಕೊನೆಗೆ ಕೊಪ್ಪಳದ ಕೋಟೆಯಲ್ಲಿ ಕಾದಿ ಮಡಿದರು. ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯ ಆವರಣದಲ್ಲಿ ನಿಂತರೆ ಕವಿರಾಜಮಾರ್ಗ ತಿರುಳ್ಗನ್ನಡದ ನೆಲವೆಂದು ಹೆಸರಿಸಿದ ಪುಲಿಗೆರೆಯಲ್ಲೇ ನಿಂತಂತೆ. ಡಂಬಳದಲ್ಲಿ ದೊಡ್ಡಬಸಪ್ಪನ ಗುಡಿ ಇದೆ, ಒಂದು ಕಾಲಕ್ಕೆ ಅಲ್ಲಿ ಬೌದ್ಧರ ವಿಹಾರವೂ ಇತ್ತು. ಶಿರಹಟ್ಟಿಯ ಫಕೀರೇಶ್ವರ ಮಠದಲ್ಲಿ ಹಿಂದೂ-ಮುಸಲ್ಮಾನರಿಬ್ಬರೂ ತಲೆಬಾಗುತ್ತಾರೆ. ಇದನ್ನೆಲ್ಲ ನನ್ನ ಮಗಳು ನಡೆದು ನೋಡಿದ್ದಾಳೆ, ಬರೆದಿಟ್ಟಿದ್ದಾಳೆ. ಅದೇ ವಯಸ್ಸಿನ ಊರ ಹುಡುಗರನ್ನು ಸೂಟಿಗೆ ಬಂದಾಗ ಕೇಳಿದರೆ ಪಾಣಿಪತದ ಮೂರು ಯುದ್ಧಗಳ ಇಸವಿ ಹೇಳುತ್ತಾರೆ, ಡಂಬಳದ ಹೆಸರು ಬಂದರೆ ಸುಮ್ಮನಾಗುತ್ತಾರೆ. ಅವರ ಬುದ್ಧಿಗೆ ಏನೂ ಕೊರತೆಯಿಲ್ಲ. ಅವರಿಗೆ ಊರಲ್ಲಿರಲು ಪುರುಸೊತ್ತನ್ನೇ ನಾವು ಕೊಡಲಿಲ್ಲ.

ವಿಜ್ಞಾನ ಹೇಗೆ ಎಂಬುದು ಮುಂದಿನ ಪ್ರಶ್ನೆ. ಲಕ್ಷ್ಮೇಶ್ವರಕ್ಕೆ ಹತ್ತಿರದ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬಂದು ನಮ್ಮ ಶೇಂಗಾ, ಕಡಲೆ ಹೊಲಗಳಲ್ಲಿ ಮೇಯುತ್ತವೆ. 2024ರಲ್ಲಿ ಆ ಕೆರೆ ಅಂತಾರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅಷ್ಟು ಎತ್ತರದಲ್ಲಿ, ಆಮ್ಲಜನಕ ಅಷ್ಟು ಕಡಿಮೆಯಿರುವ ಗಾಳಿಯಲ್ಲಿ ಹಕ್ಕಿ ಉಸಿರಾಡುವುದು ಹೇಗೆ? ಆ ಪ್ರಶ್ನೆಯ ಬೆನ್ನು ಹತ್ತಿ ಮಗಳು ಹಿಮೋಗ್ಲೋಬಿನ್‌ವರೆಗೆ ಹೋದಳು. ಕಪ್ಪತಗುಡ್ಡ ಇನ್ನೊಂದು ಪುಸ್ತಕ. ಅಲ್ಲಿ ಔಷಧಿಯ ಗಿಡಗಳಿವೆ, ಕಾಡುಪ್ರಾಣಿಗಳಿವೆ, ಮಣ್ಣಿನಲ್ಲಿ ಚಿನ್ನವೂ ಇದೆ. ಆ ಗುಡ್ಡಕ್ಕಾಗಿ ನಡೆದ ಜಗ್ಗಾಟ ಪೌರನೀತಿಯ ದೊಡ್ಡ ಪಾಠ: 2015ರಲ್ಲಿ ಸಂರಕ್ಷಿತ ಪ್ರದೇಶ ಎಂದು ಘೋಷಣೆ, 2016ರಲ್ಲಿ ಅದನ್ನು ಹಿಂತೆಗೆದುಕೊಂಡದ್ದು, ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳತ್ವದಲ್ಲಿ ಜನ ಬೀದಿಗಿಳಿದದ್ದು, 2017ರಲ್ಲಿ ಮತ್ತೆ ಘೋಷಣೆ, 2019ರಲ್ಲಿ ವನ್ಯಜೀವಿಧಾಮ. ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ಹೊಲಗಳಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆ ಬರುವುದು 2011ರಲ್ಲಿ ತಪ್ಪಿದ್ದು ರೈತರು ಎದ್ದು ನಿಂತದ್ದರಿಂದ. ಸರಕಾರದ ಆದೇಶವನ್ನು ಸಾಮಾನ್ಯರು ಬದಲಿಸಬಲ್ಲರು ಎಂಬುದನ್ನು ಬದಲಿಸಿದವರ ಬಾಯಿಂದಲೇ ಕೇಳುವ ಅವಕಾಶ ಯಾವ ವಸತಿ ಶಾಲೆಯ ವೇಳಾಪಟ್ಟಿಯಲ್ಲಿದೆ?

ಇಷ್ಟು ಹೇಳಿದಾಗ ಜನ ದೊಡ್ಡವರ ಹೆಸರು ತರುತ್ತಾರೆ, ಮನೆಯಲ್ಲಿ ಕೂತು ಯಾರು ದೊಡ್ಡವರಾದರು ಎಂದು ಕೇಳುತ್ತಾರೆ. ಈ ಜಿಲ್ಲೆಯಲ್ಲಿ ನಿಂತು ಆ ಪ್ರಶ್ನೆ ಕೇಳಬಾರದು. 1922ರಲ್ಲಿ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿ ಹನ್ನೊಂದರಲ್ಲಿ ಗುರುವನ್ನು ಹುಡುಕಿ ಮನೆ ಬಿಟ್ಟು ಓಡಿದರು. ಊರು ಬಿಟ್ಟೇ ಕಲಿತರಲ್ಲ ಎಂದು ನನ್ನನ್ನು ಎದುರಿಸಬಹುದು. ಆದರೆ ಉತ್ತರದ ಊರುಗಳನ್ನೆಲ್ಲ ಅಲೆದು ಕೊನೆಗೆ ಕಲಿತದ್ದು ಎಲ್ಲಿ? ಲಕ್ಷ್ಮೇಶ್ವರಕ್ಕೆ ಹತ್ತಿರದ ಕುಂದಗೋಳದಲ್ಲಿ, ಸವಾಯಿ ಗಂಧರ್ವರ ಮನೆಯಲ್ಲಿ, ನೀರು ಹೊತ್ತು, ಮನೆಗೆಲಸ ಮಾಡಿ, ಆ ಮನೆಯವರಲ್ಲಿ ಒಬ್ಬರಾಗಿ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳ ಬಳಿ ಬೆಳೆದ ಪುಟ್ಟರಾಜ ಗವಾಯಿಗಳು ಎಳವೆಯಲ್ಲೇ ಕಣ್ಣು ಕಳೆದುಕೊಂಡವರು. ಅವರು ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಬರೆದರು, ನಾಟಕ ಕಟ್ಟಿದರು, ನೂರಾರು ಅಂಧ ಮಕ್ಕಳನ್ನು ಹಾಡುಗಾರರನ್ನಾಗಿ ಮಾಡಿದರು. ಅವರ ಆಶ್ರಮದಲ್ಲಿ ಪಾಠಕ್ಕೂ ಬದುಕಿಗೂ ನಡುವೆ ಗೋಡೆ ಇರಲಿಲ್ಲ, ದಾಸೋಹದ ಒಲೆ ಉರಿಯುವ ಕಡೆಯೇ ಸ್ವರ ಹಚ್ಚುವುದೂ ನಡೆಯುತ್ತಿತ್ತು. ಕಾಲೇಜು ಅರ್ಧಕ್ಕೇ ಬಿಟ್ಟ ಶಿವರಾಮ ಕಾರಂತರು ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನೂ, ದೊಡ್ಡವರಿಗಾಗಿ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನೂ ಒಬ್ಬರೇ ಬರೆದರು. "ಅವರು ಅಪರೂಪದವರು" ಎನ್ನುತ್ತಾರೆ. ಅಪರೂಪದವರೇ ಹೌದು. ಆದರೆ ಅವರು ಕಲಿತ ರೀತಿ ಅಪರೂಪದ್ದಾಗಿರಲಿಲ್ಲ. ಬೆಟಗೇರಿಯ ನೇಕಾರರ ಮನೆಗಳಲ್ಲಿ ಹಾಸಿನ ಎಳೆ ಎಣಿಸಿ ಸೀರೆಯ ಅಂಚಿನ ಚಿತ್ತಾರ ಕೂಡಿಸುವ ಲೆಕ್ಕವನ್ನು ಮಕ್ಕಳು ತಲೆಮಾರುಗಳಿಂದ ಹೀಗೆಯೇ, ಮಗ್ಗದ ಪಕ್ಕ ಕುಳಿತೇ ಕಲಿತಿದ್ದಾರೆ.

ಈಗ ಕಾಯ್ದೆಯ ಮಾತು, ಏಕೆಂದರೆ ಹೆದರಿಸುವವರು ಮೊದಲು ತೆಗೆಯುವುದು ಅದನ್ನೇ. ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ವ್ಯಾಪ್ತಿ 6ರಿಂದ 14 ವರ್ಷದ ಮಕ್ಕಳು. ಹದಿನಾಲ್ಕು ದಾಟಿದ ಹುಡುಗಿ ಶಾಲೆಯ ಹೊರಗೆ ಓದುವುದಕ್ಕೆ ಅಲ್ಲಿ ಯಾವ ಅಡ್ಡಿಯೂ ಇಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ 14 ತುಂಬಿದವರು ಹತ್ತನೆಯ ತರಗತಿಗೆ ಹೆಸರು ಹಚ್ಚಬಹುದು. ವರ್ಷಕ್ಕೆ ಎರಡು ಬಾರಿ ಪರೀಕ್ಷೆ ಇರುತ್ತದೆ. ನೋಂದಣಿ ಐದು ವರ್ಷ ನಡೆಯುತ್ತದೆ, ಅಷ್ಟರಲ್ಲಿ ಒಂಬತ್ತು ಅವಕಾಶಗಳು. ಒಂದೊಂದೇ ವಿಷಯ ತಯಾರಾದಂತೆ ಬರೆಯಬಹುದು. ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಕಟ್ಟುವ ದಾರಿಯೂ ಹಳೆಯದೇ. ಒಂದೇ ಪರೀಕ್ಷೆಯಲ್ಲಿ ಇಡೀ ಜೀವ ಪಣಕ್ಕಿಟ್ಟು, ಎರಡು ಅಂಕ ಕಡಿಮೆಯಾದರೆ ಮುಖ ಮುಚ್ಚಿಕೊಳ್ಳುವ ಸ್ಥಿತಿಗೆ ಹುಡುಗರನ್ನು ತಂದ ಪದ್ಧತಿಗಿಂತ ಇದು ಎಷ್ಟೋ ಮನುಷ್ಯತ್ವದ್ದು.

ಆದರೂ ನನ್ನನ್ನು ನಿಜವಾಗಿ ನಿಲ್ಲಿಸುವ ಆಕ್ಷೇಪ ಒಂದಿದೆ. ಅದು ಕಟ್ಟೆಯ ಮೇಲಿನವರದ್ದಲ್ಲ, ನಮ್ಮೂರ ಅಂಗನವಾಡಿ ಕಾರ್ಯಕರ್ತೆಯದ್ದು. "ಅಕ್ಕಾ, ನೀವು ಓದಸ್ತೀರಿ. ನಿಮ್ಮನ್ನ ನೋಡಿ ನಾಳೆ ಇನ್ನೊಬ್ರು ಮನ್ಯಾಗ ಓದಸ್ತೀವಿ ಅಂತ ಹೇಳಿ ಹುಡುಗಿ ಮದುವಿ ಮಾಡಿ ಕೈ ತೊಳಕೋತಾರ." ಇದು ಖರೆ ಭಯ. ನಮ್ಮ ಭಾಗದಲ್ಲಿ ಶಾಲೆಯ ಹಾಜರಿ ಪುಸ್ತಕವೇ ಎಷ್ಟೋ ಹುಡುಗಿಯರ ಕಾವಲು. ಹೆಸರು ತಪ್ಪಿದ ದಿನ ಗುರುಮಾತೆಯರು ಮನೆಗೆ ಬಂದು ಕೇಳುತ್ತಾರೆ. 2017ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, ಆದರೂ ಕದ್ದುಮುಚ್ಚಿ ನಡೆಯುತ್ತದೆ. ಗುಳೆ ಹೋಗುವ ಮನೆಗಳದ್ದು ಇನ್ನೊಂದು ಕಥೆ. ನಮ್ಮ ಸೀಮೆಯ ತಾಂಡಾಗಳಿಂದ, ಕೂಲಿಯವರ ಕೇರಿಗಳಿಂದ ಗೋವೆಗೆ, ಕರಾವಳಿಗೆ ದುಡಿಯಲು ಹೋಗುವವರ ಮಕ್ಕಳಿಗೆ ಶಾಲೆ ಮತ್ತು ಹಾಸ್ಟೆಲ್ಲೇ ಊಟ, ಆಸರೆ. ಅವರ ಬಳಿ ಹೋಗಿ ಮನೆಯಲ್ಲೇ ಓದಿಸಿರಿ ಎನ್ನುವುದು ಕ್ರೌರ್ಯ.

ಆದ್ದರಿಂದ ಗೆರೆಯನ್ನು ಸ್ಪಷ್ಟವಾಗಿ ಎಳೆಯುತ್ತೇನೆ. ನನ್ನ ಜಗಳ ಊರಿನ ಸರಕಾರಿ ಶಾಲೆಯ ಮೇಲಲ್ಲ. ನನ್ನ ಮಗಳು ಎಂಟು ವರ್ಷ ಕಲಿತದ್ದು ಅಲ್ಲಿಯೇ, ಇಂದಿಗೂ ಅಡ್ಡಿ ಬಂದಾಗ ಕೇಳುವುದು ಅಲ್ಲಿನ ಗುರುಗಳನ್ನೇ. ಊರ ಶಾಲೆ ಮಗುವನ್ನು ಸಂಜೆಗೆ ಮನೆಗೆ ಕಳಿಸುತ್ತದೆ. ನನ್ನ ಜಗಳ ಇರುವುದು ಹನ್ನೆರಡು, ಹದಿಮೂರರ ಮಗುವನ್ನು ಮನೆ, ಭಾಷೆ, ಹೊಲ, ಅಜ್ಜಿಯರಿಂದ ಕಿತ್ತು ಒಯ್ದರೇ ವಿದ್ಯೆ ಎಂಬ ನಂಬಿಕೆಯ ಜೊತೆ. ಓದಿಸುವ ಮನಸ್ಸು, ಒಂದಿಷ್ಟು ಅಕ್ಷರ, ಒಂದಿಷ್ಟು ವೇಳೆ ಇರುವ ಮನೆಗಳೂ ಆ ನಂಬಿಕೆಗೆ ಹೆದರಿ ಮಕ್ಕಳನ್ನು ಕಳಿಸುತ್ತಿವೆಯಲ್ಲ, ಅವರನ್ನು ಕುರಿತೇ ನಾನು ಬರೆಯುತ್ತಿರುವುದು.

ದುಡಿಮೆಯ ಬಗ್ಗೆಯೂ ಅಷ್ಟೇ ಸ್ಪಷ್ಟತೆ ಬೇಕು. ಮಗಳು ಹೊಲಕ್ಕೆ ಬರುತ್ತಾಳೆ, ಕಳೆ ತೆಗೆಯುತ್ತಾಳೆ, ಕೂರಿಗಿಯ ಹಿಂದೆ ನಡೆದು ಬೀಜ ಬಿಡುತ್ತಾಳೆ. ಕೂಲಿಯ ಆಳನ್ನು ಉಳಿಸಲು ಅವಳನ್ನು ನಿಲ್ಲಿಸುವುದಿಲ್ಲ, ಔಷಧಿ ಹೊಡೆಯುವ ದಿನ ಅವಳು ಹೊಲದ ಹತ್ತಿರವೂ ಸುಳಿಯುವುದಿಲ್ಲ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಹದಿನೆಂಟರೊಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚಬಾರದೆನ್ನುತ್ತದೆ. ಕಾಯ್ದೆ ಹೇಳದಿದ್ದರೂ ತಾಯಿಗೆ ಅದು ತಿಳಿಯಬೇಕು.

ಗಾಂಧೀಜಿಯ ಉದಾಹರಣೆ ಎರಡೂ ಕಡೆಗೆ ಹರಿತವಾದದ್ದು. ಕೈಕೆಲಸದ ಮೂಲಕವೇ ಕಲಿಕೆ ಎಂಬ ನಯೀ ತಾಲೀಮನ್ನು ಅವರು 1937ರಲ್ಲಿ ವಾರ್ಧಾದಲ್ಲಿ ದೇಶದ ಮುಂದಿಟ್ಟರು. ಅದಕ್ಕೂ ಮೊದಲು ದಕ್ಷಿಣ ಆಫ್ರಿಕಾದಲ್ಲಿ ತಮ್ಮ ಮಕ್ಕಳನ್ನು ಶಾಲೆಗೆ ಕಳಿಸದೆ ತಾವೇ ಕಲಿಸಿದ್ದರು. ಹಿರಿಯ ಮಗ ಹರಿಲಾಲರಿಗೆ ಅದು ಆಗಿಬರಲಿಲ್ಲ. ಓದಬೇಕೆಂದು 1911ರಲ್ಲಿ ತಂದೆಯನ್ನು ಬಿಟ್ಟು ಭಾರತಕ್ಕೆ ಹೊರಟರು, ಆ ಗಾಯ ಕೊನೆಯವರೆಗೂ ಮಾಯಲಿಲ್ಲ. ಮನೆಯಲ್ಲಿ ಓದಿಸುವ ಪ್ರತಿಯೊಬ್ಬ ತಂದೆತಾಯಿ ಇದನ್ನು ನೆನಪಿಡಬೇಕು. ಮಗು ಬೇಡವೆಂದ ದಿನ ದಾರಿ ಬದಲಿಸಬೇಕು. ಆದರೆ ಇದೇ ಅಳತೆಯನ್ನು ಹಾಸ್ಟೆಲ್ಲಿಗೂ ಹಚ್ಚಬೇಕಲ್ಲವೇ? ಟ್ರಂಕು ಕಟ್ಟುವ ಮೊದಲು ಎಷ್ಟು ಮನೆಗಳಲ್ಲಿ ಮಗುವನ್ನು ಕೇಳುತ್ತಾರೆ? ರಾತ್ರಿ ಫೋನು ಮಾಡಿ "ಯವ್ವಾ, ನಾ ಇಲ್ಲಿ ಇರಂಗಿಲ್ಲ" ಎಂದು ಅತ್ತ ಹುಡುಗನಿಗೆ "ಸ್ವಲ್ಪ ದಿನ ತಡಕೋ, ರೂಢಿ ಆಗತೈತಿ" ಎನ್ನುವುದನ್ನು ನಾವು ತ್ಯಾಗವೆಂದು ಕರೆಯುತ್ತಿದ್ದೇವೆ. ಅತ್ತವನು ಮಗು, ತಡೆದುಕೊಂಡವನೂ ಮಗುವೇ.

"ನಾಲ್ಕ ಮಂದ್ಯಾಗ ಬೆರಿಯೂದು ಹ್ಯಾಂಗ ಕಲೀತಾಳ?" ಎಂಬ ಪ್ರಶ್ನೆ ನನಗೆ ಅರ್ಥವೇ ಆಗುವುದಿಲ್ಲ. ಒಂದೇ ವಯಸ್ಸಿನ ಅರವತ್ತು ಮಂದಿ ಒಂದೇ ಪರೀಕ್ಷೆಗೆ ಪರಸ್ಪರ ಪೈಪೋಟಿ ಮಾಡುವ ಕೋಣೆ ನಾಲ್ಕು ಮಂದಿಯೇ? ನನ್ನ ಮಗಳು ಸಂತೆಯಲ್ಲಿ ಚೌಕಾಶಿ ಮಾಡುತ್ತಾಳೆ, ಗ್ರಾಮಸಭೆಯ ಹಿಂದಿನ ಸಾಲಿನಲ್ಲಿ ಕುಳಿತು ಕೇಳುತ್ತಾಳೆ, ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಸಣ್ಣ ಹುಡುಗರಿಗೆ ಓದಿ ಹೇಳುತ್ತಾಳೆ, ಮುದುಕರ ಪಿಂಚಣಿಯ ಅರ್ಜಿ ತುಂಬಿಕೊಡುತ್ತಾಳೆ. ಸಂಜೆ ಗೆಳತಿಯರು ಶಾಲೆಯಿಂದ ಬರುತ್ತಾರೆ, ಕಬಡ್ಡಿ ನಡೆಯುತ್ತದೆ, ಜಗಳವೂ ನಡೆಯುತ್ತದೆ.

ಮತ್ತು ಸಂತೋಷ. ಇದನ್ನು ವಾದದಲ್ಲಿ ತರಬಾರದೆಂದು ಕೆಲವರು ತಿಳಿದಿದ್ದಾರೆ, ನಾನು ತರುತ್ತೇನೆ. ಪಂಚಮಿಗೆ ಬೇವಿನ ಮರಕ್ಕೆ ಜೋಕಾಲಿ ಕಟ್ಟುವುದು, ಸೀಗಿಹುಣ್ಣಿವಿ, ಎಳ್ಳಮಾಸಿಗೆ ಬಂಡಿ ಕಟ್ಟಿ ಹೊಲಕ್ಕೆ ಹೋಗಿ ಚರಗ ಚೆಲ್ಲುವುದು, ಸಜ್ಜಿರೊಟ್ಟಿ, ಎಣ್ಣೆಗಾಯಿ, ಶೇಂಗಾಹೋಳಿಗೆಯ ಬುತ್ತಿ ಬಿಚ್ಚಿ ಕಡಲೆಯ ಹೊಲದ ನಡುವೆ ಕುಳಿತು ಉಣ್ಣುವುದು, ಹಾಲುದುಂಬಿದ ಬಿಳಿಜೋಳದ ತೆನೆ ಕೆಂಡದಲ್ಲಿ ಸುಟ್ಟು ಸೀತನಿ ಉಜ್ಜಿ ತಿನ್ನುವುದು, ಇವೆಲ್ಲ ವರ್ಷಕ್ಕೊಮ್ಮೆ ಬರುತ್ತವೆ. ಹನ್ನೆರಡರಿಂದ ಹದಿನೆಂಟರವರೆಗೆ ಆರೇ ಸಲ ಬರುತ್ತವೆ. ಅದೇ ವಯಸ್ಸಿನಲ್ಲಿ ಮನುಷ್ಯನಿಗೆ ತನ್ನದು ಯಾವುದು, ತನ್ನವರು ಯಾರು ಎಂಬುದು ಒಳಗಿಳಿಯುತ್ತದೆ. ಆ ಆರು ವರ್ಷ ಊರಲ್ಲಿರದವನಿಗೆ ಮುಂದೆ ಊರು ಎಂದರೆ ಮದುವೆಗೆ ಬಂದು ಹೋಗುವ ಜಾಗ. ಹಳ್ಳಿಗಳಲ್ಲಿ ಓದಿದ ತರುಣರೇ ಇಲ್ಲವೆಂದು ಆಮೇಲೆ ನಾವೇ ಗೋಳಾಡುತ್ತೇವೆ.

ನಮ್ಮತ್ತೆಗೆ ಅಕ್ಷರ ಬರುವುದಿಲ್ಲ. ರೋಹಿಣಿ, ಮಿರಗ, ಆರಿದ್ರಾ ಎಂದು ಮಳೆಗಳ ಲೆಕ್ಕ ಬರುತ್ತದೆ, ಯಾವ ಮಳೆಗೆ ಯಾವ ಬಿತ್ತನೆ ಎಂಬುದು ಬರುತ್ತದೆ. ಮೊಮ್ಮಗಳು ಮಾಳಿಗೆಯ ಮೇಲೆ ಮಳೆ ಅಳೆಯುವ ಡಬ್ಬಿ ಇಟ್ಟು, ಅಜ್ಜಿ ಹೇಳಿದ್ದನ್ನು ಒಂದು ಕಡೆ, ಮಿಲಿಮೀಟರನ್ನು ಇನ್ನೊಂದು ಕಡೆ ಬರೆಯುತ್ತಾಳೆ. ಕೆಲವು ಮಳೆ ಅಜ್ಜಿಯ ಮಾತಿಗೆ ಹೊಂದುತ್ತವೆ, ಕೆಲವು ಹೊಂದುವುದಿಲ್ಲ. ಹೊಂದದಾಗ ಇಬ್ಬರೂ ಕುಳಿತು ಯಾಕೆಂದು ಮಾತಾಡುತ್ತಾರೆ. ಹವಾಮಾನ ಬದಲಾವಣೆಯ ಪಾಠ ಇದಕ್ಕಿಂತ ಚೆನ್ನಾಗಿ ಎಲ್ಲಿ ನಡೆಯುತ್ತದೆ? ಆ ಮಾತುಕತೆಯಿಂದ ಮುದುಕಿಯ ಅಭಿಮಾನವೂ ಉಳಿದಿದೆ, ಹುಡುಗಿಯ ತರ್ಕವೂ ಬೆಳೆದಿದೆ.

ಕಷ್ಟವಿಲ್ಲವೆಂದು ನಾನು ಹೇಳುವುದಿಲ್ಲ. ತ್ರಿಕೋನಮಿತಿಗೆ ನಾನು ಅವಳ ಜೊತೆ ಹೊಸದಾಗಿ ಕೂರಬೇಕಾಗುತ್ತದೆ. ಇಂಗ್ಲಿಷಿಗೆ ನಿವೃತ್ತ ಗುರುಗಳೊಬ್ಬರ ಮನೆಗೆ ಹೋಗುತ್ತಾಳೆ. ರಸಾಯನಶಾಸ್ತ್ರದ ಪ್ರಯೋಗಗಳಿಗೆ ಜಾಗವಿಲ್ಲ. ಈ ಕೊರತೆ ತುಂಬುವುದು ಸರಕಾರಕ್ಕೆ ಕಷ್ಟದ್ದಲ್ಲ. ಕೊರೊನಾ ವರ್ಷ, 2020ರಲ್ಲಿ, ಶಾಲೆಗಳು ಮುಚ್ಚಿದಾಗ ವಿದ್ಯಾಗಮವೆಂದು ಗುರುಗಳೇ ಗುಡಿಯ ಕಟ್ಟೆಗೆ, ಮರದ ನೆರಳಿಗೆ ಬಂದು ಕಲಿಸಿದ್ದರು. ಕಲಿಕೆ ಕಟ್ಟಡದ ಹೊರಗೆ ನಡೆಯಬಹುದೆಂದು ಇಲಾಖೆಯೇ ಅಂದು ಒಪ್ಪಿತ್ತು.

ಹಾಗಾಗಿ ನಾನು ಕೇಳುವುದು ಇಷ್ಟು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ತಾಲ್ಲೂಕಿಗೊಂದು ಸರಕಾರಿ ಹೈಸ್ಕೂಲಿನ ಪ್ರಯೋಗಶಾಲೆ ರವಿವಾರ ಹೊರಗಿನ ವಿದ್ಯಾರ್ಥಿಗಳಿಗೂ ತೆರೆದಿರಲಿ. ಅರಿವು ಕೇಂದ್ರಗಳಲ್ಲಿ ಮುಕ್ತ ಶಾಲೆಯ ಪುಸ್ತಕಗಳಿರಲಿ. ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಯಲ್ಲಿ ಮನೆಯಲ್ಲಿ ಓದುವ ಮಕ್ಕಳದೊಂದು ದಾಖಲೆ ಪುಸ್ತಕ ಇರಲಿ, ಮೂರು ತಿಂಗಳಿಗೊಮ್ಮೆ ಯಾರಾದರೂ ಬಂದು ಮಗುವೊಂದನ್ನೇ ಕೂರಿಸಿ ಮಾತಾಡಿಸಲಿ, ಏನು ಓದಿದೆ, ಯಾರು ಓದಿಸಿದರು, ಮದುವೆಯ ಮಾತು ನಡೆದಿದೆಯೇ ಎಂದು ಕೇಳಲಿ. ನಮ್ಮ ಅಂಗನವಾಡಿ ಕಾರ್ಯಕರ್ತೆಯ ಭಯಕ್ಕೆ ಅದೇ ಉತ್ತರ. ಆ ಪುಸ್ತಕದಲ್ಲಿ ಮೊದಲ ಹೆಸರು ನನ್ನ ಮಗಳದ್ದು ಬರೆದುಕೊಳ್ರಿ, ಯಾವ ದಿನ ಬೇಕಾದರೂ ಬಂದು ಕೇಳ್ರಿ.